ಪಲ್ಪಿಂಗ್ ಕಾಲದ ತೋಡು: ದಡದಲ್ಲೇ ಆಮ್ಲಜನಕ ಅಳೆಯುವ ಬಗೆ

ಕೊಡಗಿನಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ, ಲೋಳೆ ತೆಗೆದು ತೊಳೆಯುವ ಕೆಲಸ) ಜೋರಾಗುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ತೋಡುಗಳ, ಅಂದರೆ ಸಣ್ಣ ಹಳ್ಳಗಳ, ನೀರು ಇಳಿಯುವುದೂ ಆಗಲೇ. ಸಿದ್ದಾಪುರ, ನೆಲ್ಯಹುದಿಕೇರಿ ಕಡೆ ನಾವು ಹೆಣ್ಣುಮಕ್ಕಳು ನೀರಿನಲ್ಲಿ ಕರಗಿದ ಆಮ್ಲಜನಕದ ಪರೀಕ್ಷೆಗೆ ಹೊರಡುವುದು ಈ ತಿಂಗಳುಗಳಲ್ಲೇ.

ಪಲ್ಪರ್ (ಪಲ್ಪಿಂಗ್ ಯಂತ್ರ) ನೀರು ತೋಡಿಗೆ ಸೇರುವುದಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಎರಡು ಕಡೆ ನೀರು ಹಿಡಿಯುತ್ತೇವೆ. ಆಮ್ಲಜನಕ ತೀರಾ ಕುಸಿಯುವುದು ಕೊಳೆ ಸೇರುವ ಬಾಯಲ್ಲಲ್ಲ. ಸಿಹಿ ಲೋಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತಾ ಹೋಗುವ ಕೆಳಹರಿವಿನಲ್ಲಿ. ಕಲ್ಲು ಎಲ್ಲಿಂದ ಜಾರತೊಡಗುತ್ತದೆ, ವಾಸನೆ ಎಲ್ಲಿ ಏಳುತ್ತದೆ ಎಂದು ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿ. ಅವರು ತೋರಿಸುವ ಜಾಗ ನಕ್ಷೆಗಿಂತ ಉಪಯುಕ್ತ. ಹಗಲೇರಿದರೆ ಪಾಚಿ ಆಮ್ಲಜನಕ ಬಿಡುವುದರಿಂದ ಅಳತೆ ಸುಳ್ಳು ಸಮಾಧಾನ ಕೊಡುತ್ತದೆ. ನಸುಕೇ ಸರಿಯಾದ ಹೊತ್ತು, ಆದರೆ ಆನೆ ಓಡಾಡುವ ತೋಟದಲ್ಲಿ ಬೆಳಕು ಹರಿಯುವ ಮುಂಚೆ ಯಾರೂ ಇಳಿಯಬಾರದು.

300 ಮಿಲಿಲೀಟರ್‌ನ ಬಿಒಡಿ ಬಾಟಲಿಯನ್ನು (ಆಮ್ಲಜನಕ ಪರೀಕ್ಷೆಗೆಂದೇ ಇರುವ ಗಾಜಿನ ಬಾಟಲಿ) ಹರಿವಿಗೆ ಓರೆಯಾಗಿ ಮುಳುಗಿಸಿ, ಗುಳ್ಳೆ ಸಿಕ್ಕಿಕೊಳ್ಳದಂತೆ ನೀರಿನೊಳಗೇ ಮುಚ್ಚಬೇಕು. ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಪಿಪೆಟ್ಟಿನ ತುದಿ ನೀರಿನಲ್ಲಿ ಮುಳುಗಿರುವಂತೆ 2 ಮಿಲಿ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 2 ಮಿಲಿ ಆಲ್ಕಲಿ ಅಯೋಡೈಡ್ ಅಜೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಬೆರೆಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಬಿಳಿಯಾಗೇ ಉಳಿದರೆ ಇಲ್ಲವೇ ಇಲ್ಲ. ಗಸಿ ಅರ್ಧಕ್ಕೆ ಕುಳಿತ ಮೇಲೆ ಇನ್ನೊಮ್ಮೆ ಬೆರೆಸಿ, ಮತ್ತೆ ಕುಳಿತ ಮೇಲೆ 2 ಮಿಲಿ ಗಾಢ ಗಂಧಕಾಮ್ಲ ಹಾಕಿ, ಗಸಿ ಕರಗುವಂತೆ ಬೆರೆಸಿ. ಇದಕ್ಕೆ ಕೈಗವಸು, ಕನ್ನಡಕ ಬೇಕೇ ಬೇಕು. ಇಷ್ಟನ್ನು ದಡದಲ್ಲೇ ಮುಗಿಸಿ, ಬಾಟಲಿಯನ್ನು ಕತ್ತಲಲ್ಲಿಟ್ಟು ತನ್ನಿ.

ಕೆಲವು ಗಂಟೆಗಳೊಳಗೆ ಟೈಟ್ರೇಷನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು. ಬಾಟಲಿಯ 200 ಮಿಲಿ ನೀರಿಗೆ 0.025 ನಾರ್ಮಲ್ (ದ್ರಾವಣದ ಬಲದ ಅಳತೆ) ಥಯೋಸಲ್ಫೇಟ್ ಬಿಡುತ್ತಾ, ಬಣ್ಣ ತಿಳಿ ಹುಲ್ಲಿನಂತಾದಾಗ ಮಾತ್ರ ಪಿಷ್ಟದ ದ್ರಾವಣ ಹಾಕಿ. ಮೊದಲೇ ಹಾಕಿದರೆ ನೀಲಿ ಬೇಗ ಬಿಡುವುದಿಲ್ಲ. ನೀಲಿ ಮಾಯವಾದಾಗ ಥಯೋಸಲ್ಫೇಟ್ ಎಷ್ಟು ಮಿಲಿ ಖರ್ಚಾಗಿದೆಯೋ, ಲೀಟರಿಗೆ ಆಮ್ಲಜನಕ ಅಷ್ಟು ಮಿಲಿಗ್ರಾಂ. ಥಯೋಸಲ್ಫೇಟ್ ಹಳತಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಆಗ ಇದ್ದುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುತ್ತದೆ. ಆಗಾಗ ಬಲ ಸರಿನೋಡಿ.

ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಹಿಡಿದಿಡುವುದು ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ. 900 ಮೀಟರ್ ಎತ್ತರದಲ್ಲಿ 8ರ ಆಸುಪಾಸು. ಹಾಗಾಗಿ ನಮ್ಮಲ್ಲಿ 7.5 ಬಂದರೆ ಗಾಬರಿ ಬೇಡ. ಸ್ನಾನಕ್ಕೆ ಯೋಗ್ಯವೆನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವುದು ಕನಿಷ್ಠ 5. ಮೇಲಿನ ಜಾಗದಲ್ಲಿ 7, ಕೆಳಗೆ 3 ಎಂದಾದರೆ ತೋಟದವರಿಗೆ ತೋರಿಸಲು ಬೇರೆ ವಾದ ಬೇಡ. ಪಕ್ಕದಲ್ಲೇ ಹೊತ್ತು, ನೀರಿನ ಉಷ್ಣತೆ, ಅಂದು ಪಲ್ಪರ್ ಓಡುತ್ತಿತ್ತೇ ಎಂಬುದನ್ನೂ ಬರೆದಿರಿ. ಇವಿಲ್ಲದೆ ಆ ಅಂಕಿಯನ್ನು ಯಾರಾದರೂ ತಳ್ಳಿಹಾಕಬಹುದು.