ಬೆಂಗಳೂರಲ್ಲಿದ್ದೇ ಕೆನಡಾ ಎಲೆಕ್ಷನ್‌ಗೆ ವೋಟ್ ಹಾಕೋದು ಹೇಗೆ

ಕೆನಡಾ ಸಿಟಿಜನ್ ಆಗಿದ್ದು ಈಗ ಬೆಂಗಳೂರಲ್ಲಿದ್ರೆ ಅಲ್ಲಿ ಚುನಾವಣೆ ನಡೆಸೋ ಸಂಸ್ಥೆ ಎಲೆಕ್ಷನ್ಸ್ ಕೆನಡಾ ವೆಬ್‌ಸೈಟಲ್ಲಿ ಇವತ್ತೇ ಹೆಸರು ಸೇರಿಸ್ಕೊಳ್ಳಿ, ಅನೌನ್ಸ್ ಆದ್ಮೇಲೆ ನೋಡೋಣ ಅಂತ ಕೂರ್ಬೇಡಿ, 2025ರಲ್ಲಿ ಮಾರ್ಚ್ 23ಕ್ಕೆ ಘೋಷಣೆ ಆಗಿ ಏಪ್ರಿಲ್ 28ಕ್ಕೆ ಎಲ್ಲಾ ಮುಗ್ದೇ ಹೋಯ್ತು. ಅಲ್ಲಿ ಕೊನೇದಾಗಿ ವಾಸವಿದ್ದ ಅಡ್ರೆಸ್ ಮೇಲೆ ಕ್ಷೇತ್ರ ಸಿಗುತ್ತೆ.

ಯಾರಿಗೆ ಅನ್ನೋದು ನಿಮ್ಮಿಷ್ಟ, ನನ್ ವೋಟಂತೂ ಕನ್ಸರ್ವೇಟಿವ್ ಪಾರ್ಟಿಗೇ. ಪೆಟ್ರೋಲು, ಗ್ಯಾಸಿನಂಥ ಇಂಧನದ ಮೇಲಿನ ಕಾರ್ಬನ್ ಟ್ಯಾಕ್ಸ್ ತೆಗೀರಿ ಅಂತ ನಮ್ಮ ಪಾರ್ಟಿ ಲೀಡರ್ ಪೊಲಿಯೆವ್ ವರ್ಷಗಟ್ಲೆ ಹೇಳ್ತಾನೇ ಇದ್ರು, ಕೊನೇಲಿ ಲಿಬರಲ್ ಪಾರ್ಟಿಯ ಕಾರ್ನಿ ಪ್ರಧಾನಿಯಾಗಿ ಬಂದು ಜನ ಕಟ್ಟೋ ಆ ಟ್ಯಾಕ್ಸನ್ನ ಸೊನ್ನೆ ಮಾಡಿದ್ರು, ಅಷ್ಟೊತ್ತಿಗೆ ಟ್ರಂಪ್ ಸುಂಕದ ಗಲಾಟೇಲಿ ಮನೆ ರೇಟು, ದಿನಸಿ ಖರ್ಚಿನ ಮಾತೇ ಮೂಲೆಗೆ ಹೋಯ್ತು, ಅದು ನಂಗೆ ಇನ್ನೂ ಸಂಕಟ. ಶೇ. 41 ವೋಟ್ ಬಂದ್ರೂ ಸರ್ಕಾರ ನಮ್ಮದಾಗ್ಲಿಲ್ಲ.

ಅಂಚೇಲಿ ಬರೋ ಬ್ಯಾಲೆಟಲ್ಲಿ ಹೆಸರುಗಳು ಪ್ರಿಂಟ್ ಆಗಿರಲ್ಲ, ಅಭ್ಯರ್ಥಿ ಹೆಸರು ನೀವೇ ಬರೀಬೇಕು, ಬರೀ ಪಾರ್ಟಿ ಹೆಸರು ಬರೆದ್ರೆ ಲೆಕ್ಕಕ್ಕಿಲ್ಲ. ನಾನು ಜಯನಗರದ ಮನೇಲಿ ಕಾಫಿ ಲೋಟ ದೂರ ಸರಿಸಿ ಒಂದೊಂದೇ ಅಕ್ಷರ ನೋಡ್ಕೊಂಡು ಬರೆದೆ. ಬ್ಯಾಲೆಟ್ ಹಾಕೋ ಒಳಗಿನ ಕವರ್ ಮೇಲೆ ಏನೂ ಗೀಚ್ಬೇಡಿ, ಸೈನು ತಾರೀಖು ಹೊರಗಿನದ್ರ ಮೇಲೆ. ಮತದಾನದ ದಿನ ಸಂಜೆ 6ಕ್ಕೆ, ಅಲ್ಲಿನ ಟೈಮು, ಬ್ಯಾಲೆಟ್ ಒಟ್ಟಾವಾದಲ್ಲಿರೋ ಎಲೆಕ್ಷನ್ಸ್ ಕೆನಡಾ ಆಫೀಸ್ ತಲುಪಿರ್ಬೇಕು, ಅದಕ್ಕೇ ದುಡ್ಡು ಹೋದ್ರೂ ಪರ್ವಾಗಿಲ್ಲ ಕೊರಿಯರೇ ಮಾಡಿ.