ಹೊಸ ಡ್ಯಾಕ್‌ಗೂ ಮೊದಲು ಹತ್ತಿ ಗಾದಿ: ರಾಯಚೂರಿನ ಹಾಲ್‌ನಲ್ಲಿ ಆಡಿಯೊ ಸುಧಾರಣೆ

ಆಡಿಯೊ ಸಿಸ್ಟಮ್‌ಗೆ ಇನ್ನಷ್ಟು ದುಡ್ಡು ಹಾಕೋಣ ಅನಿಸಿದಾಗ ಎಲ್ಲರ ಕಣ್ಣು ಮೊದಲು ಡ್ಯಾಕ್ (ಡಿಜಿಟಲ್ ಸಿಗ್ನಲ್ ಅನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವ ಪೆಟ್ಟಿಗೆ) ಮೇಲೆ ಬೀಳುತ್ತದೆ. ನಾನು ಅದನ್ನು ಕೊನೆಗಿಟ್ಟೆ. ಸಿ.ಡಿ.ಯ 16 ಬಿಟ್ ಧ್ವನಿಯಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ಸುಮಾರು 96 ಡೆಸಿಬಲ್ ಅಂತರವಿದೆ. ಇವತ್ತಿನ ಸಾಧಾರಣ ಡ್ಯಾಕ್ ಕೂಡ ಅದನ್ನು ನಿಭಾಯಿಸುತ್ತದೆ. ಫ್ಯಾನ್ ತಿರುಗುವ ಹಾಲ್‌ನಲ್ಲಿ ಅದರ ಅರ್ಧದಷ್ಟು ಕಿವಿಗೆ ಬಿದ್ದರೆ ಹೆಚ್ಚು.

ನಮ್ಮ ಕಡೆಯ ಮನೆಗಳಲ್ಲಿ ಶಬ್ದ ಕೆಡಿಸುವುದು ಕೋಣೆಯೇ. ಕೆಳಗೆ ಕಲ್ಲು, ಮೇಲೆ ಆರ್‌ಸಿಸಿ, ಸುತ್ತ ನುಣ್ಣನೆ ಗೋಡೆ. ಚಪ್ಪಾಳೆ ತಟ್ಟಿದರೆ ‘ಟರ್ರ್’ ಎಂದು ಎಳೆಯುತ್ತದೆ. 14 ಅಡಿ ಉದ್ದದ ಹಾಲ್ ಸುಮಾರು 40 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ಉದ್ದದ ನಟ್ಟನಡುವೆ ಕೂತರೆ ಅದೇ ಸ್ವರ ಮಾಯ. ಆದ್ದರಿಂದ ಕುರ್ಚಿಯನ್ನು ಹಿಂದಿನ ಗೋಡೆಯಿಂದ 5 ಅಡಿಗೆ ಇಟ್ಟು, ಸ್ಪೀಕರ್‌ಗಳನ್ನು ಮುಂದಿನ ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಎಳೆದೆ. ಖರ್ಚಿಲ್ಲದೆ ತಬಲಾ ಜೋಡಿಯ ಡಗ್ಗಾದ ಪೆಟ್ಟು ಬಿಡಿಬಿಡಿಯಾಗಿ ಕೇಳತೊಡಗಿತು.

ಆಮೇಲೆ ಗೋಡೆಯ ಪ್ರತಿಧ್ವನಿ ಹೀರಲು ಹತ್ತಿ ಗಾದಿ. ಫೋಮ್ ಹಾಳೆಗೆ ಆನ್‌ಲೈನ್‌ನಲ್ಲಿ ಕೇಳುವ ಬೆಲೆ ಕೊಡಲು ಹತ್ತಿಯ ಊರಲ್ಲಿ ಮನಸ್ಸು ಬರಲಿಲ್ಲ. 4 ಅಡಿ ಎತ್ತರ, 2 ಅಡಿ ಅಗಲ, 4 ಇಂಚು ಆಳದ ಕಟ್ಟಿಗೆ ಚೌಕಟ್ಟಿಗೆ ಹಿಂಜಿದ ಹತ್ತಿ ಸುಮಾರು 3 ಕಿಲೋ ಹಿಡಿಯುತ್ತದೆ. ಅರ್ಧ ಅಡಿಗೊಂದು ಟಾಕಿ (ಹೊಲಿಗೆ) ಹಾಕಿಸಬೇಕು, ಇಲ್ಲದಿದ್ದರೆ ಹತ್ತಿ ಜಾರಿ ತಳದಲ್ಲಿ ಗಂಟಾಗುತ್ತದೆ. ಮೇಲಿನ ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು. ರೆಕ್ಸಿನ್ ಹೊದಿಸಿದರೆ ಎಲ್ಲ ವ್ಯರ್ಥ. ಗೋಡೆಗೂ ಗಾದಿಗೂ ನಡುವೆ 4 ಇಂಚು ಬಿಟ್ಟರೆ ಇನ್ನೂ ಕೆಳಗಿನ ಸ್ವರಗಳವರೆಗೆ ಹೀರುತ್ತದೆ. ಆದರೆ ಆ 40 ಹರ್ಟ್ಸ್ ಗುಂಯ್‌ಗೆ ಇದು ಮದ್ದಲ್ಲ. ಎಲ್ಲಿ ತೂಗಹಾಕಬೇಕು? ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಗಾದಿಯ ಜಾಗ. ಹತ್ತಿ ಬೇಗ ಹೊತ್ತಿಕೊಳ್ಳುವ ವಸ್ತು, ಸ್ವಿಚ್‌ಬೋರ್ಡ್‌ನಿಂದ ದೂರವಿರಲಿ.

ಶಕ್ತಿನಗರದಲ್ಲಿ ಕರೆಂಟ್ ಹುಟ್ಟುವ ಜಿಲ್ಲೆಯಾದರೂ ಮನೆಗೆ ಇನ್ವರ್ಟರ್ ಬೇಕೇ ಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ‘ಝುಂಯ್’ ಎನ್ನುತ್ತದೆ, ಬಿಸಿಯಾಗುತ್ತದೆ. ದುಬಾರಿ ಕೇಬಲ್‌ಗೆ ತೆಗೆದಿಟ್ಟ ದುಡ್ಡನ್ನು ಸೈನ್ ವೇವ್ ಇನ್ವರ್ಟರ್‌ಗೆ ಸುರಿಯಿರಿ. ಸ್ಪೀಕರ್‌ಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳ. 5 ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, ಅದರ ರೋಧ 0.13 ಓಮ್ ಆಸುಪಾಸು. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ಪ್ಲಸ್ ಮೈನಸ್ ಒಂದು ಕಡೆ ಅದಲುಬದಲಾದರೆ ಮಾತ್ರ ಬೇಸ್ ಹೋಗಿಬಿಡುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಬಿಸಿ 10 ಡಿಗ್ರಿ ಏರಿದರೆ ಆಂಪ್ಲಿಫೈಯರ್‌ನೊಳಗೆ ವಿದ್ಯುತ್ ಕೂಡಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಂಪ್ಲಿಫೈಯರನ್ನು ಶೋಕೇಸ್‌ನೊಳಗೆ ತುರುಕದೆ ಮೇಲೆ ಅರ್ಧ ಅಡಿ ಖಾಲಿ ಬಿಟ್ಟಿದ್ದೇನೆ. ಹೆಚ್ಚು ವ್ಯಾಟ್‌ನ ಆಸೆಯೂ ಬೇಡ: ವ್ಯಾಟ್ ಇಮ್ಮಡಿಯಾದರೆ ಸಿಗುವುದು 3 ಡೆಸಿಬಲ್ ಅಷ್ಟೆ. 86ರ ಬದಲು 89 ಡೆಸಿಬಲ್ ಸೆನ್ಸಿಟಿವಿಟಿಯ (ಅಷ್ಟೇ ವ್ಯಾಟ್‌ಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಸ್ಪೀಕರ್ ತಂದರೆ ಆ 3 ಡೆಸಿಬಲ್ ಅದೇ ಆಂಪ್ಲಿಫೈಯರ್‌ನಲ್ಲೇ ಸಿಗುತ್ತದೆ.

ಕೊನೆಗೂ ಡ್ಯಾಕ್ ಬೇಕಾದದ್ದು ಧ್ವನಿಯ ಗುಣಕ್ಕಲ್ಲ, ಸ್ಪೀಕರ್‌ನಲ್ಲಿ ಕೇಳುವ 50 ಹರ್ಟ್ಸ್‌ನ ‘ಹುಂ’ ಸದ್ದು ಹೋಗಲಾಡಿಸಲು. ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಕೇಬಲ್ ಬಿಚ್ಚಿದ ಕೂಡಲೇ ಹುಂ ನಿಂತರೆ ಅದು ಅರ್ಥ್ ಲೂಪ್, ಅಂದರೆ ಎರಡು ಕಡೆ ಅರ್ಥ್ ಸೇರಿ ಆದ ಸುತ್ತು. ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು ಜೀವಕ್ಕೆ ಅಪಾಯ. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದರೆ ಸಾಕು, ಬೆಳಕಿನಲ್ಲಿ ಹೋಗುವ ಸಿಗ್ನಲ್‌ಗೆ ಅರ್ಥ್‌ನ ನಂಟಿಲ್ಲ. ಹಾಗಾಗಿ ಆಪ್ಟಿಕಲ್ ಇನ್‌ಪುಟ್ ಇರುವ ಅಗ್ಗದ ಡ್ಯಾಕ್ ಸಾಕಾಯಿತು. ಟಿವಿಯ ಡಿಜಿಟಲ್ ಔಟ್‌ಪುಟ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಪಿಸಿಎಂಗೆ (ಸಾದಾ ಡಿಜಿಟಲ್ ಧ್ವನಿ) ಹೊಂದಿಸಬೇಕು. ಡಾಲ್ಬಿಯಲ್ಲೇ ಬಿಟ್ಟರೆ ಇಂಥ ಡ್ಯಾಕ್ ಸುಮ್ಮನಿರುತ್ತದೆ, ಇಲ್ಲವೇ ಗರ್ ಎನ್ನುತ್ತದೆ.