ಫಾಸ್ಫೇಟ್ ಕುಡಿಸಿ ಕಾಲು ನೇರ ಮಾಡಿದ್ದು: ನನ್ನ ಅನುಭವ

‘ಫಾಸ್ಫೇಟ್ ಕುಡಿಸಿದ್ರೆ ಸೊಟ್ಟಗಾಲು ನೇರ ಆಗುತ್ತಾ? ಮೂಳೆ ಕೊಯ್ದು ಕೂರಿಸೋದೇ ದಾರಿ’ ಅಂದಿದ್ದರು ಹಿರಿಯ ಮೂಳೆ ಡಾಕ್ಟರ್ ಒಬ್ಬರು, ರಿಕೆಟ್ಸ್ (ಮಕ್ಕಳ ಮೂಳೆ ಮೆತ್ತಗಾಗಿ ಬಾಗುವ ರೋಗ) ಇದ್ದ ನನ್ನ ಪುಟ್ಟ ಪೇಷೆಂಟ್ ಒಬ್ಬಳನ್ನು ನೋಡಿ. ಮೊನ್ನೆ ಅದೇ ಹುಡುಗಿಯ ಎಕ್ಸ್‌ರೇ ತೋರಿಸಿದೆ. ಎರಡು ಸಲ ಬೆಳಕಿಗೆ ಹಿಡಿದು, ‘ಇದು ಅವಳದ್ದೇನಾ?’ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಗೋರೆಗಾಂವ್‌ನಲ್ಲಿ ನನ್ನ ಕ್ಲಿನಿಕ್. ಹುಡುಗಿಯ ಅಪ್ಪ ಕುಂದಾಪುರ ಕಡೆಯವರು, ಹೋಟೆಲ್ ಕ್ಯಾಷಿಯರ್. ಅವಳಿಗೆ ಆಗ ಮೂರೂವರೆ ವರ್ಷ, ತೂಕ 11 ಕೆಜಿ. ನಿಲ್ಲಿಸಿದರೆ ಎರಡು ಮಂಡಿಗಳ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ತೂರುತ್ತಿತ್ತು. ಮುಂಬೈ ಮಕ್ಕಳಲ್ಲಿ ವಿಟಮಿನ್ ಡಿ ಕಮ್ಮಿ ಇರೋದು ಹೊಸದಲ್ಲ ಅಲ್ವಾ? ನಾನೂ 60,000 ಯೂನಿಟ್‌ನ ಡಿ ಪುಡಿ ವಾರಕ್ಕೊಂದರಂತೆ ಆರು ವಾರ ಕೊಟ್ಟೆ. ಮುಂಚೆಯೇ ಬೇರೆ ಕಡೆ 6 ಲಕ್ಷ ಯೂನಿಟ್‌ನ ಡಿ ಇಂಜೆಕ್ಷನ್ ಎರಡು ಸಲ ಆಗಿತ್ತಂತೆ. ಹಳೆ ಚೀಟಿ ಕೇಳದೆ ಕೊಟ್ಟದ್ದು ನನ್ನ ತಪ್ಪು. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಏರಲಿಲ್ಲ, ಅದೇ ಪುಣ್ಯ. ಡಿ 70ಕ್ಕೆ ಹೋಯಿತು, ಎಎಲ್‌ಪಿ (ರಿಕೆಟ್ಸ್ ಇದ್ದಾಗ ರಕ್ತದಲ್ಲಿ ಏರುವ ಮೂಳೆಯ ಕಿಣ್ವ) ಮಾತ್ರ 1,100ರ ಹತ್ತಿರವೇ ನಿಂತಿತು.

ಉತ್ತರ ಕಣ್ಣೆದುರೇ ಇತ್ತು. ರಕ್ತದಲ್ಲಿ ಫಾಸ್ಫರಸ್ (ಫಾಸ್ಫೇಟ್‌ನಲ್ಲಿರೋದು ಇದೇ, ಮೂಳೆ ಗಟ್ಟಿಯಾಗೋಕೆ ಬೇಕು) 2.6, ಪಕ್ಕದಲ್ಲಿ ಅಚ್ಚಾದ ರೇಂಜ್ 2.5ರಿಂದ 4.5. ನಾರ್ಮಲ್ ಅಂತ ಪುಟ ತಿರುಗಿಸಿದ್ದೆ. ಅದು ದೊಡ್ಡವರ ರೇಂಜ್! ಈ ವಯಸ್ಸಿಗೆ ಹತ್ತಿರಹತ್ತಿರ 4ರ ಮೇಲಿರಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತ, ಮೂತ್ರ ಒಟ್ಟಿಗೆ ಕಳಿಸಿದೆ. ಮೊದಲ ಸ್ಯಾಂಪಲ್ ಹೀಮೊಲೈಸ್ ಆಗಿ, ಅಂದರೆ ರಕ್ತಕಣ ಒಡೆದು, ಸುಮ್ನೆ 4.3 ತೋರಿಸಿತು. ಇನ್ನೊಂದು ವಾರ ದಂಡ. ಎರಡನೇ ಸಲ ಸಿಕ್ಕಿತು: ರಕ್ತದಲ್ಲಿ 2.4, ಟಿಆರ್‌ಪಿ (ಕಿಡ್ನಿ ಮೂತ್ರಕ್ಕೆ ಬಿಡದೆ ವಾಪಸ್ ಹೀರುವ ಫಾಸ್ಫೇಟ್‌ನ ಶೇಕಡಾವಾರು) 70ರ ಆಸುಪಾಸು. ಕಿಡ್ನಿಯಿಂದ ಫಾಸ್ಫೇಟ್ ಸೋರುತ್ತಿತ್ತು. ಬೈಕಾರ್ಬೊನೇಟ್ ಸರಿ, ಮೂತ್ರದಲ್ಲಿ ಸಕ್ಕರೆ ಇಲ್ಲ, ಅಂದರೆ ಅವು ಸೋರುತ್ತಿರಲಿಲ್ಲ.

ಆಮೇಲೆ ಅಪ್ಪನನ್ನು ನಿಲ್ಲಿಸಿ ನೋಡಿದೆ. ಐದಡಿಗೂ ಕಮ್ಮಿ, ಅವರ ಮಂಡಿಯೂ ಸೊಟ್ಟ. ಹುಳುಕೇ ಇಲ್ಲದ ಹಲ್ಲುಗಳಲ್ಲಿ ನಾಲ್ಕು ಸಲ ಕೀವಾಗಿತ್ತಂತೆ. ‘ನಮ್ಮ ಅಮ್ಮನ ಕಡೆ ಎಲ್ಲ ಗಿಡ್ಡವೇ ಡಾಕ್ಟ್ರೇ’ ಅಂದರು. ದೊಡ್ಡ ಮಗನ ಕಾಲು ನೆಟ್ಟಗಿತ್ತು. ಅಪ್ಪನ ಎಕ್ಸ್ ಕ್ರೋಮೊಸೋಮ್ ಹೋಗೋದು ಹೆಣ್ಣುಮಕ್ಕಳಿಗೆ ಮಾತ್ರ. ಅದರ ಜೊತೆ ಬರುವ, ಫಾಸ್ಫೇಟ್ ಸೋರುವ ರಿಕೆಟ್ಸ್ ಇದು ಅನ್ನೋದು ಅಲ್ಲೇ ಗೊತ್ತಾಯಿತು. ಜೀನ್ ಟೆಸ್ಟ್‌ಗೆ 15-20 ಸಾವಿರ, ಆ ದುಡ್ಡು ಔಷಧಿಗೆ ಇರಲಿ ಅಂದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬುರೊಸುಮ್ಯಾಬ್ ಅನ್ನೋ ಇಂಜೆಕ್ಷನ್ ಇದಕ್ಕೆ ಇದೆ, ಆದರೆ ವರ್ಷಕ್ಕೆ ಲಕ್ಷಗಟ್ಟಲೆ. ಕ್ಯಾಷಿಯರ್ ಸಂಬಳದಲ್ಲಿ ಆ ಮಾತೇ ಬೇಡ.

ಉಳಿದದ್ದು ಜೂಲಿ ದ್ರಾವಣ ಅನ್ನೋ ಹಳೆಯ ಫಾಸ್ಫೇಟ್ ಔಷಧಿ. ಮಾಡಿಕೊಡುವವರನ್ನು ಹುಡುಕಿ ಪ್ರಿನ್ಸೆಸ್ ಸ್ಟ್ರೀಟ್‌ನಲ್ಲಿ ಅರ್ಧ ದಿನ ಅಲೆದೆ. ಲೀಟರ್‌ಗೆ ಆಗ 500-600 ರೂಪಾಯಿ, ಎರಡು ತಿಂಗಳು ಬರುತ್ತದೆ. ಮಿಲಿಗೆ 30 ಮಿಗ್ರಾಂ ಫಾಸ್ಫರಸ್. ಜೊತೆಗೆ ದಿನಕ್ಕೊಂದು 0.25 ಮೈಕ್ರೋಗ್ರಾಂನ ಕ್ಯಾಲ್ಸಿಟ್ರಿಯಾಲ್ (ದೇಹ ನೇರವಾಗಿ ಬಳಸುವ ರೂಪದ ಡಿ).

ಮೊದಲು ದಿನಕ್ಕೆ ಎರಡೇ ಸಲ ಕೊಡಿಸಿದೆ. ಭೇದಿ ಶುರುವಾಗಿ ನಿಲ್ಲಿಸಿಯೇ ಬಿಟ್ಟರು. ಆಮೇಲೆ 3 ಮಿಲಿಯಂತೆ ಐದು ಪಾಲು ಮಾಡಿದೆ, ಕೊನೆಯದು ಅಪ್ಪ ಹೋಟೆಲ್ ಮುಗಿಸಿ ಬಂದ ಮೇಲೆ. ಹೊಟ್ಟೆ ಸುಧಾರಿಸಿತು, ಎಎಲ್‌ಪಿ ಅಲ್ಲಾಡಲಿಲ್ಲ. ಎರಡು ತಿಂಗಳು ತಲೆ ಕೆಡಿಸಿಕೊಂಡು ಕೊನೆಗೆ ಅವರ ಮನೆಗೇ ಹೋದೆ. ಅಮ್ಮ ಒಲೆಯ ಮುಂದೆ ಹಾಲು ಹಾಕಿದ ರಾಗಿ ಮಣ್ಣಿಯಲ್ಲಿ (ಗಂಜಿಯಂಥದ್ದು) ಔಷಧಿ ಸುರಿದು ಚಮಚದಲ್ಲಿ ಕಲಸುತ್ತಿದ್ದರು! ರಾಗಿ, ಹಾಲು ಎರಡರಲ್ಲೂ ಕ್ಯಾಲ್ಸಿಯಂ. ಅದು ಫಾಸ್ಫೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಒಂದು ಗಂಟೆ ಅಂತರ ಇಡಿಸಿದೆ. ಆ ಹುಳಿ ನೀರನ್ನು ಮಗು ಮುಖ ತಿರುಗಿಸದೆ ಕುಡಿಯೋಕೆ ನಾನೇನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಅಂದಹಾಗೆ, ಡಿ, ಕ್ಯಾಲ್ಸಿಯಂ ಕಮ್ಮಿಯಾಗಿ ಬರುವ ಮಾಮೂಲಿ ರಿಕೆಟ್ಸ್‌ಗೆ ರಾಗಿ ಒಳ್ಳೆಯದೇ. ಹಾಲು ಕುಡಿಯದ ಏಳೆಂಟು ಮಕ್ಕಳಿಗೆ ಡಿ ಜೊತೆ ಕ್ಯಾಲ್ಸಿಯಂ ಸಿರಪ್ ಬದಲು ರಾಗಿ ಕೊಡಿಸಿ ನೋಡಿದೆ. ಗುಣವಾಯಿತು, ಆದರೆ ತುಂಬಾ ನಿಧಾನ. ಈಗ ಎರಡೂ ಕೊಡುತ್ತೇನೆ.

ಎಎಲ್‌ಪಿ ಇಳಿಯತೊಡಗಿದಾಗ ಆಸೆಬಿದ್ದು ಫಾಸ್ಫೇಟ್ ಏರಿಸಿದೆ. ಪಿಟಿಎಚ್ (ಫಾಸ್ಫೇಟ್ ಅತಿಯಾದರೆ ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಹಾರ್ಮೋನ್) 110ಕ್ಕೆ ಹಾರಿತು. ಮತ್ತೆ ಹಳೆ ಡೋಸ್‌ಗೇ ಬಂದೆ. ರಕ್ತದ ಫಾಸ್ಫರಸ್ಸನ್ನು ನಾರ್ಮಲ್ ಮಾಡೋ ಹಠ ಬಿಡಿ, ಎಎಲ್‌ಪಿ ನೋಡಿ.

ಹದಿನಾಲ್ಕು ತಿಂಗಳಿಗೆ ಎಎಲ್‌ಪಿ 450, ಥ್ಯಾಚರ್ ಸ್ಕೋರ್ (ಎಕ್ಸ್‌ರೇ ನೋಡಿ ರಿಕೆಟ್ಸ್ ಎಷ್ಟಿದೆ ಅಂತ ಹತ್ತಕ್ಕೆ ಕೊಡುವ ಅಂಕ) 7ರಿಂದ 2. ಮಂಡಿಗಳ ನಡುವೆ ಈಗ ಒಂದೂವರೆ ಬೆರಳು. ಆರು ತಿಂಗಳಿಗೊಮ್ಮೆ ಕಿಡ್ನಿ ಸೋನೋಗ್ರಫಿ, ಇಲ್ಲಿವರೆಗೆ ಕ್ಯಾಲ್ಸಿಯಂ ಕೂತ ಕಲೆಯಿಲ್ಲ.

ಕಳೆದ ವರ್ಷ ಅವರಿಗೆ ಇನ್ನೊಂದು ಹೆಣ್ಣುಮಗು. ಅಪ್ಪನ ಎಕ್ಸ್ ಅವಳಿಗೂ ಬಂದೇ ಬರುತ್ತದೆ. ಮೂರನೇ ತಿಂಗಳಲ್ಲೇ ರಕ್ತ ನೋಡಿ ಶುರುಮಾಡಿದೆ. ಮೊನ್ನೆ ನನ್ನ ಟೇಬಲ್ ಹಿಡಿದು ಎದ್ದು ನಿಂತಳು. ಆ ವಯಸ್ಸಿನ ಸ್ವಲ್ಪ ಬಾಗು ಎಲ್ಲ ಮಕ್ಕಳಿಗೂ ಇರುತ್ತದೆ. ಮಣಿಕಟ್ಟಿನ ಎಕ್ಸ್‌ರೇ ಕ್ಲೀನ್.